ಮೂರು ಮಳೆಗಾಲ ದಾಟಿದ ಟಗ್ ಬೋಟ್: ಕಿಟ್ ತಂದು ಕಟ್ಟಿದವನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ನನ್ನ ರಿಮೋಟ್ ದೋಣಿ ಒಂದು ಸಲವೂ ಮುಳುಗಿಲ್ಲ. ಆದರೆ ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಒಳಗಿಂದ ಕೊಳೆತುಹೋಗಿತ್ತು. ಅದಕ್ಕೆ ಅರ್ಧ ಕಾರಣ ನಾನು, ಇನ್ನರ್ಧ ಕಿಟ್ ಜೊತೆ ಬಂದ ಪುಸ್ತಕ. ರಿಪೇರಿ ಮಾಡಿ ಮತ್ತೆ ನೀರಿಗೆ ಇಳಿಸಿ ಈಗ ಒಂದು ವರ್ಷವಾಯಿತು. ಒಟ್ಟು ಮೂರು ಮಳೆಗಾಲ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಿಟ್ ಯುರೋಪಿನ ಒಂದು ಕಂಪನಿಯದು. ಬಂದರಿನಲ್ಲಿ ದೊಡ್ಡ ಹಡಗನ್ನು ಎಳೆದು, ತಳ್ಳಿ ದಕ್ಕೆಗೆ ಸೇರಿಸುತ್ತದಲ್ಲ, ಆ ಟಗ್ ಬೋಟಿನ ಮಾದರಿ. ಅಳತೆ 1:36, ಉದ್ದ 66 ಸೆಂಟಿಮೀಟರ್. ಅಂದರೆ ನಿಜದ ಟಗ್ ಹತ್ತಿರಹತ್ತಿರ 24 ಮೀಟರ್. ಸ್ಪೀಡ್ ಬೋಟ್ ಬಿಟ್ಟು ಇದನ್ನು ಯಾಕೆ ತಗೊಂಡೆ ಅಂತ ತುಂಬಾ ಜನ ಕೇಳಿದ್ದಾರೆ. ನಾನು ಬೆಳೆದದ್ದು ಪಣಂಬೂರಿನ ಹತ್ತಿರ. ಅಲ್ಲಿನ ನವಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರ ಜನವರಿಯಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ಸಂಜೆ ಬೀಚಿಗೆ ಹೋದರೆ ಉಳಿದವರೆಲ್ಲ ಹಡಗು ನೋಡುತ್ತಿದ್ದರು. ನನ್ನ ಕಣ್ಣು ಅದರ ಪಕ್ಕದ ಕುಳ್ಳನ ಮೇಲೆ. ಮೈತುಂಬ ಹಳೇ ಟೈರು ಕಟ್ಟಿಕೊಂಡು, ತನಗಿಂತ ಎಷ್ಟೋ ಪಾಲು ಭಾರದ್ದನ್ನು ನೂಕುತ್ತಾ ನಿಲ್ಲುತ್ತಿತ್ತು.

ಇಂಥ ಕಿಟ್ ನಮ್ಮ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಹೊರಗಿನಿಂದ ತರಿಸಿದರೆ ಸುಂಕದ ಹೊಡೆತ. ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಕಸ್ಟಮ್ಸ್ ಲೆಕ್ಕದಲ್ಲಿ ಇಂಥ ಅಳತೆ ಮಾದರಿಗಳೂ ಗೊಂಬೆ, ಮೂರು ಗಾಲಿ ಸೈಕಲ್ಲಿನ ಜೊತೆ 9503 ಎಂಬ ಒಂದೇ ತಲೆಬರಹದ ಕೆಳಗೆ ಬರುತ್ತವೆ. ಐವತ್ತರ ಹತ್ತಿರದವನು ಕಟ್ಟಿದರೂ ಅದು ಆಟಿಕೆಯೇ! ನನ್ನ ಕಿಟ್ ಬಂದದ್ದು ದುಬೈಯಿಂದ ತಮ್ಮನ ಸೂಟ್‌ಕೇಸಿನಲ್ಲಿ. ಪೆಟ್ಟಿಗೆ ನೆಟ್ಟಗೆ ಹಿಡಿಯಲಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟು ತಂದ.

ಒಳಗೆ ಇದ್ದದ್ದು ಇಷ್ಟು. ಒಂದೇ ತುಂಡಿನ ಎಬಿಎಸ್ ಪ್ಲಾಸ್ಟಿಕ್ ಒಡಲು, ಲೇಸರಿನಲ್ಲಿ ಕತ್ತರಿಸಿದ ಪ್ಲೈವುಡ್ ಶೀಟುಗಳು, ಮೋಟರಿನಿಂದ ಪ್ರೊಪೆಲ್ಲರಿಗೆ ಹೋಗುವ ಶಾಫ್ಟ್ ಮತ್ತು ಅದರ ಕೊಳವೆ, ಹಿತ್ತಾಳೆಯ ಪ್ರೊಪೆಲ್ಲರ್, ಚುಕ್ಕಾಣಿ, ರಬ್ಬರ್ ಟೈರು, ಒಂದು ದೊಡ್ಡ ನಕ್ಷೆ, ಒಂದು ತೆಳು ಪುಸ್ತಕ. ಮೋಟರ್ ಇಲ್ಲ. ಸ್ಪೀಡ್ ಕಂಟ್ರೋಲರ್, ಸರ್ವೋ (ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟರ್), ರಿಮೋಟ್, ಬ್ಯಾಟರಿ, ಅಂಟು, ಬಣ್ಣ ಯಾವುದೂ ಇಲ್ಲ. ಕಿಟ್ಟಿಗೆ ಕೊಟ್ಟಷ್ಟೇ ದುಡ್ಡು ಮತ್ತೆ ಇವಕ್ಕೆ ಹೋಯಿತು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಮೋಸ ಹೋಗಬೇಡಿ.

ಒಡಲಿಗೆ ಹತ್ತಕ್ಕೆ ಹತ್ತು ಅಂಕ. ಮೂರು ವರ್ಷದಲ್ಲಿ ಕಲ್ಲಿಗೆ ಬಡಿದಿದೆ, ಮಗನ ಕೈಯಿಂದ ಜಗಲಿಗೆ ಬಿದ್ದಿದೆ, ಬಿಸಿಲಿಗೆ ಕಾದಿದೆ. ಒಂದು ಬಿರುಕಿಲ್ಲ. ಲೇಸರ್ ಕೆಲಸವೂ ಚೆನ್ನಾಗಿದೆ. ಅಡ್ಡ ಪಟ್ಟಿಗಳು ಒಡಲಿನೊಳಗೆ ತಾವಾಗಿ ಕೂತವು, ಸ್ವಲ್ಪ ಸ್ಯಾಂಡ್‌ಪೇಪರ್ ಉಜ್ಜಿದ್ದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಒಂದು ಮಾತು: ಎಬಿಎಸ್ ನುಣ್ಣಗಿರುತ್ತದೆ, ಅದರ ಮೇಲೆ ಎಪಾಕ್ಸಿ ಅಂಟು ಸುಮ್ನೆ ಹಚ್ಚಿದರೆ ಆಮೇಲೆ ಸಿಪ್ಪೆಯ ಹಾಗೆ ಏಳುತ್ತದೆ. ಮೊದಲು ಒರಟಾಗಿ ಗೀರಬೇಕು.

ಭಾನುವಾರ ಮಾತ್ರ ಕೂತು ಕಟ್ಟಿದ್ದಕ್ಕೆ ಐದು ತಿಂಗಳು ಹಿಡಿಯಿತು. ಅದರಲ್ಲಿ ಎರಡು ಭಾನುವಾರ ಶಾಫ್ಟಿಗೇ ಹೋಯಿತು. ಮೋಟರೂ ಶಾಫ್ಟೂ ಒಂದೇ ಗೆರೆಯಲ್ಲಿ ಇರದಿದ್ದರೆ ದೋಣಿ ಗಿರಣಿಯ ಹಾಗೆ ಕಿರುಚುತ್ತದೆ, ಬ್ಯಾಟರಿಯೂ ಬೇಗ ಖಾಲಿ. ಮೊದಲ ಸಲ ಕಣ್ಣಂದಾಜಿನಲ್ಲಿ ಕೂರಿಸಿದೆ. ಕಿರುಚಿತು. ಕಿತ್ತೆ. ಎರಡನೇ ಸಲ ಮೋಟರನ್ನೂ ಶಾಫ್ಟನ್ನೂ ಕೂಡಿಸುವ ಜಾಯಿಂಟಿನ ಜಾಗದಲ್ಲಿ ಒಂದು ಗಟ್ಟಿ ಹಿತ್ತಾಳೆ ಕೊಳವೆ ತೂರಿಸಿ ಎರಡನ್ನೂ ನೆಟ್ಟಗೆ ಹಿಡಿದೆ. ಹಾಗೇ ಇಟ್ಟು ಮೋಟರಿನ ಮಣೆಗೆ ಅರಾಲ್ಡೈಟ್ ಹಾಕಿದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಕೊಳವೆ ತೆಗೆದು ಯುನಿವರ್ಸಲ್ ಜಾಯಿಂಟ್ ಹಾಕಿದೆ. ಈಗ ಸದ್ದೇ ಇಲ್ಲ. ಈ ಉಪಾಯ ಪುಸ್ತಕದಲ್ಲಿ ಇಲ್ಲ, ಇರಬೇಕಿತ್ತು.

ತೂಕದ ವಿಷಯ ನನಗೆ ತುಂಬಾ ಇಷ್ಟವಾಯಿತು. ಟಗ್ ನೀರಿನಲ್ಲಿ ಆಳವಾಗಿ ಕೂತಿರಬೇಕು, ಇಲ್ಲದಿದ್ದರೆ ಬಾತುಕೋಳಿಯ ಹಾಗೆ ಹೊಯ್ದಾಡುತ್ತದೆ. ನನ್ನದು ನೀರಿನ ಗೆರೆಗೆ ಸರಿಯಾಗಿ ಕೂರಲು 4 ಕಿಲೋ ಬೇಕು. ಕಟ್ಟಿ ಮುಗಿದಾಗ ಎರಡು ಕಿಲೋ ಕೂಡ ಆಗಿರಲಿಲ್ಲ. ಉದ್ದ 36ನೇ ಒಂದು ಪಾಲು ಅಂದರೆ ತೂಕ 36 ಗುಣಿಸು 36 ಗುಣಿಸು 36, ಅಂದರೆ 46,656ನೇ ಒಂದು ಪಾಲು. ಆ ಲೆಕ್ಕದಲ್ಲಿ ನನ್ನ 4 ಕಿಲೋ ನಿಜದ ಬಂದರಿನಲ್ಲಿ 187 ಟನ್. ಅರ್ಧ ಕಿಲೋ ಜಾಸ್ತಿ ಹಾಕಿದರೆ 23 ಟನ್ ಹೆಚ್ಚಾದ ಹಾಗೆ! ಹಾಗಾಗಿ ಹಗುರ ಲಿಥಿಯಂ ಬ್ಯಾಟರಿ ಬಿಟ್ಟು ಎಮರ್ಜೆನ್ಸಿ ಲೈಟಿನಲ್ಲಿ ಬರುವ 6 ವೋಲ್ಟಿನ ಸೀಸದ ಬ್ಯಾಟರಿ ಹಾಕಿದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎಲ್ಲೂ ಸಿಗುತ್ತದೆ, ತೂಕವೂ ಆಯಿತು, ಕರೆಂಟೂ ಆಯಿತು. ಉಳಿದದ್ದಕ್ಕೆ ಮೀನುಬಲೆಗೆ ಕಟ್ಟುವ ಸೀಸದ ಗುಂಡು. ಸ್ನಾನದ ಮನೆಯಲ್ಲಿ ದೊಡ್ಡ ಟಬ್ ತುಂಬಿಸಿ, ಗುಂಡು ಆಚೆ ಈಚೆ ಸರಿಸುತ್ತಾ ಒಂದು ಮಧ್ಯಾಹ್ನ ಕಳೆದೆ.

ರಿಮೋಟ್ 2.4 ಗಿಗಾಹರ್ಟ್ಜಿನದು. ಈ ತರಂಗದಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ನಮ್ಮಲ್ಲಿ 2005ರಿಂದ ಲೈಸೆನ್ಸ್ ಬೇಡ. ಆದರೆ ಇದು ನೀರಿನೊಳಗೆ ತೂರಿ ಹೋಗುವುದಿಲ್ಲ. ದೋಣಿಯಲ್ಲಿ ಸಿಗ್ನಲ್ ಹಿಡಿಯುವ ರಿಸೀವರಿನ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲೆ ಇರಲೇಬೇಕು. ನಾನು ಅದನ್ನು ಕ್ಯಾಬಿನ್ನಿನ ಗೋಡೆಗೆ ಅಂಟಿಸಿದೆ. ಫೇಲ್‌ಸೇಫ್ ಅನ್ನು ಮಾತ್ರ ಮರೆತಿದ್ದೆ. ಸಿಗ್ನಲ್ ತಪ್ಪಿದರೆ ಮೋಟರ್ ತಾನಾಗಿ ನಿಲ್ಲಬೇಕು. ನನ್ನದು ನಿಲ್ಲಲಿಲ್ಲ, ಕೊನೆಗೆ ಕೊಟ್ಟ ವೇಗದಲ್ಲೇ ಸೀದಾ ಹೋಗಿ ದಂಡೆಗೆ ಗುದ್ದಿತು. ಈಗ ಪ್ರತಿ ಸಲ ನೀರಿಗೆ ಬಿಡುವ ಮೊದಲು ಕೈಯಲ್ಲಿ ಹಿಡಿದು, ಪ್ರೊಪೆಲ್ಲರ್ ತಿರುಗುತ್ತಿರುವಾಗಲೇ ರಿಮೋಟ್ ಆಫ್ ಮಾಡಿ ನೋಡುತ್ತೇನೆ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಜನರ ಮುಂದೆ ರೇಡಿಯೊದಿಂದ ಓಡಿಸಿ ತೋರಿಸಿದ್ದೂ ಒಂದು ದೋಣಿಯನ್ನೇ, ಅದೂ ಒಂದು ತೊಟ್ಟಿಯೊಳಗೆ. ನನ್ನ ಅನುಭವದಲ್ಲಿ ತೊಟ್ಟಿ ಒಳ್ಳೆಯ ಆಯ್ಕೆ.

ನನ್ನ ತೊಟ್ಟಿ ಪುತ್ತೂರಿನ ಹತ್ತಿರ, ಹೆಂಡತಿಯ ತವರಿನ ಅಡಿಕೆ ತೋಟದಲ್ಲಿ. ಪ್ಲಾಸ್ಟಿಕ್ ಶೀಟು ಹಾಸಿದ ನೀರಿನ ಹೊಂಡ. ಮೊದಲ ದಿನ ಇಡೀ ಮನೆ ದಂಡೆಯ ಮೇಲೆ. ಭಾವ ಬಗ್ಗಿ ನೋಡಿ ಕೇಳಿದರು: "ಎಂತ ಭಾವ, ಇಷ್ಟೇಯಾ ಸ್ಪೀಡು? ನಮ್ಮ ಆಮೆ ಬೇಗ ಹೋಗ್ತದೆ."

ಸ್ಪೀಡು ಅಷ್ಟೇ ಇರಬೇಕು. ಮಾದರಿಯ ವೇಗ ಸಿಗಬೇಕಾದರೆ ನಿಜದ ಹಡಗಿನ ವೇಗವನ್ನು ಅಳತೆಯ ವರ್ಗಮೂಲದಿಂದ ಭಾಗಿಸಬೇಕು ಅಂತ 1870ರ ದಶಕದಲ್ಲೇ ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ತೊಟ್ಟಿ ಕಟ್ಟಿ ಮಾದರಿಗಳನ್ನು ಎಳೆದು ನೋಡಿದ ಎಂಜಿನಿಯರ್ ವಿಲಿಯಂ ಫ್ರೂಡ್ ತೋರಿಸಿಕೊಟ್ಟ. 36ರ ವರ್ಗಮೂಲ 6. ನಿಜದ ಟಗ್ 12 ನಾಟ್ ಹೋದರೆ ನನ್ನದು 2 ನಾಟ್, ನಾವು ಆರಾಮಾಗಿ ನಡೆಯುವ ವೇಗ. ಹಾಗೆ ಹೋದಾಗಲೇ ಮೂತಿಯ ಮುಂದೆ ಏಳುವ ಅಲೆ ನಿಜದ ಟಗ್ಗಿನ ಅಲೆಯ ಹಾಗೆ ಕಾಣುತ್ತದೆ. ಭಾವನಿಗೆ ಇದನ್ನೆಲ್ಲ ವಿವರಿಸಿದೆ. "ಆಗಲಿ, ಚಾ ಆಯ್ತು ಬನ್ನಿ" ಅಂದರು.

ಈಗ ಕೊಳೆತ ಕಥೆ. ಶಾಫ್ಟಿನ ಕೊಳವೆಯಲ್ಲಿ ಗ್ರೀಸ್ ತುಂಬಿರುತ್ತದೆ, ಅದೇ ನೀರನ್ನು ತಡೆಯುವುದು. ಓಡಿಸುತ್ತಾ ಓಡಿಸುತ್ತಾ ಗ್ರೀಸ್ ತೊಳೆದು ಹೋಗುತ್ತದೆ, ಸಲಕ್ಕೆ ಒಂದೆರಡು ಚಮಚ ನೀರು ಒಳಗೆ ಬರುತ್ತದೆ. ಮಧ್ಯದಲ್ಲಿ ಬಂದದ್ದನ್ನು ಕ್ಯಾಬಿನ್ ಎತ್ತಿ ಒರೆಸುತ್ತಿದ್ದೆ. ಆದರೆ ಹಿಂಭಾಗದಲ್ಲಿ, ಚುಕ್ಕಾಣಿಯ ಕೆಳಗೆ, ಡೆಕ್ ಮುಚ್ಚಿದ ಒಂದು ಗೂಡು ಉಂಟು. ಅದಕ್ಕೆ ಬಾಗಿಲೇ ಇಲ್ಲ. ಅಲ್ಲಿ ನಿಂತ ನೀರು ಬೇಸಿಗೆಯಲ್ಲಾದರೆ ಆವಿಯಾಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಹಗ್ಗದ ಮೇಲಿನ ಬಟ್ಟೆಯೇ ಒಣಗದ ಊರು ನಮ್ಮದು, ದೋಣಿಯ ಹೊಟ್ಟೆ ಒಣಗುತ್ತದಾ? ನಾನು ಅದನ್ನು ಕಪಾಟಿನ ಮೇಲಿಟ್ಟು ಮರೆತೆ. ಅಕ್ಟೋಬರಿನಲ್ಲಿ ಇಳಿಸಿದಾಗ ಹಿಂದಿನ ಡೆಕ್ ಹಪ್ಪಳದ ಹಾಗೆ ಉಬ್ಬಿತ್ತು. ಬೂಸಲಿನ ವಾಸನೆ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ನೋಡಿದರೆ ಕೊನೆಯ ಅಡ್ಡ ಪಟ್ಟಿ ಒದ್ದೆ ನೋಟ್‌ಬುಕ್ಕಿನ ಹಾಗೆ ಪದರ ಪದರ ಬಿಚ್ಚಿಕೊಂಡಿತ್ತು.

ಮರಕ್ಕೆ ನೀರು ತಾಗದ ಹಾಗೆ ಮಾಡಿ ಎಂಬ ಮಾತು ಪುಸ್ತಕದಲ್ಲಿ ಇಲ್ಲ ಅಂತಲ್ಲ. ಇದೆ, ಕೊನೆಯ ಪುಟದಲ್ಲಿ, ಬಣ್ಣದ ಜೊತೆ. ಅಷ್ಟರೊಳಗೆ ಡೆಕ್ ಮುಚ್ಚಿ ಆಗಿರುತ್ತದೆ, ಒಳಗೆ ಕೈ ಹೋಗುವುದಿಲ್ಲ. ಬರೆದವರ ಊರಿನಲ್ಲಿ ಇದು ದೊಡ್ಡ ವಿಷಯ ಇರಲಿಕ್ಕಿಲ್ಲ. ಮಂಗಳೂರಿನಲ್ಲಿ ದೊಡ್ಡದೇ. ಪುಸ್ತಕಕ್ಕೆ ಹತ್ತಕ್ಕೆ ಮೂರು.

ರಿಪೇರಿಗೆ ಮೊದಲು ದಕ್ಕೆಯಲ್ಲಿ ಫೈಬರ್ ದೋಣಿ ಸರಿ ಮಾಡುವ ಒಬ್ಬರ ಹತ್ತಿರ ಹೋದೆ. ಅವರು ಕೊಳೆತ ತುಂಡು ಕೈಯಲ್ಲಿ ತಿರುಗಿಸಿ ನೋಡಿ, "ಮರಕ್ಕೆ ಮೊದಲು ರಾಳ ಕುಡಿಸಬೇಕು ಮಾರಾಯ್ರೆ, ಆಮೇಲೆ ಜೋಡಿಸುವುದು" ಅಂದರು. ಅಷ್ಟೇ ಪಾಠ. ಹೊಸ ಪಟ್ಟಿ ಕತ್ತರಿಸಿ, ಜೋಡಿಸುವ ಮೊದಲೇ ತೆಳು ಎಪಾಕ್ಸಿ ರಾಳ ಎರಡು ಸಲ ಹಚ್ಚಿದೆ. ಅಂಚಿಗೆ ಮೂರು ಸಲ, ಯಾಕೆಂದರೆ ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ. ಎಪಾಕ್ಸಿ ತೆಳುವಾಗಲಿ ಅಂತ ಅಸಿಟೋನ್ ಬೆರೆಸಿ ಒಡಲಿನೊಳಗೆ ಸುರಿಯಬೇಡಿ, ಎಬಿಎಸ್ ಅದರಲ್ಲಿ ಕರಗುತ್ತದೆ. ಹಿಂದಿನ ಡೆಕ್ಕಿನಲ್ಲಿ ಬೆಂಕಿಪೆಟ್ಟಿಗೆ ಗಾತ್ರದ ಬಾಗಿಲು ಕೊಯ್ದು, ಮೇಲೆ ಹಗ್ಗದ ಸುರುಳಿ ಅಂಟಿಸಿ ಮರೆಮಾಡಿದೆ. ಶಾಫ್ಟ್ ಕೊಳವೆಗೆ ಗ್ರೀಸ್ ತುಂಬಲು ಮೇಲೊಂದು ಸಣ್ಣ ನಳಿಕೆ ಬೆಸುಗೆ ಹಾಕಿಸಿದೆ. ಈಗ ಓಡಿಸಿದ ಮೇಲೆ ಬಾಗಿಲು, ಕ್ಯಾಬಿನ್ ಎರಡೂ ತೆಗೆದು ಫ್ಯಾನಿನ ಕೆಳಗೆ ಒಂದು ರಾತ್ರಿ. ಮೂರನೇ ಮಳೆಗಾಲ ಹಾಗೆ ಕಳೆಯಿತು, ಬೂಸಲಿಲ್ಲ.

ಬ್ಯಾಟರಿಯೂ ಒಂದು ಹೋಯಿತು. ಖಾಲಿ ಮಾಡಿ ಮಳೆಗಾಲ ಪೂರ್ತಿ ಹಾಗೇ ಇಟ್ಟಿದ್ದೆ. ಸೀಸದ ಬ್ಯಾಟರಿ ಇದನ್ನು ಸಹಿಸುವುದಿಲ್ಲ. ಓಡಿಸಿದ ದಿನವೇ ಚಾರ್ಜ್ ಮಾಡಿ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅಂಗಡಿಯ ಸ್ಪ್ರೇ ಡಬ್ಬಿ ಸಾಕು. ಕಂಬಿಗಳು ಮಾತ್ರ ಮೊದಲ ವಾರವೇ ಮುರಿದವು. ಸೈಕಲ್ ಕಡ್ಡಿಯಿಂದ ಹೊಸದು ಮಾಡಿದೆ.

ಕೊಳ್ಳಬೇಕಾ? ಕಟ್ಟುವುದೇ ಇಷ್ಟ ಅಂದರೆ ಧಾರಾಳ ಕೊಳ್ಳಿ. ಮಕ್ಕಳಿಗೆ ಬರುವ ಭಾನುವಾರ ಓಡಿಸಿ ತೋರಿಸಬೇಕು ಅಂದರೆ ಬೇಡ, ಕಟ್ಟಿದ್ದೇ ಸಿಗುವಂಥದ್ದು ತಗೊಳ್ಳಿ. ಓಡಿಸುವ ಜಾಗ ಮೊದಲೇ ನೋಡಿಕೊಳ್ಳಿ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ದೋಣಿ ಮಧ್ಯದಲ್ಲಿ ನಿಂತರೆ ಯಾರೂ ಇಳಿಯಬಾರದು. ಆ ಜಾರಿಕೆಯಲ್ಲಿ ಈಜು ಬಂದವರಿಗೂ ಹತ್ತಿ ಬರಲು ಆಗುವುದಿಲ್ಲ. ನಾನು ಗಾಳದ ದಾರಕ್ಕೆ ಟೆನಿಸ್ ಬಾಲ್ ಕಟ್ಟಿ ಇಟ್ಟುಕೊಂಡಿದ್ದೇನೆ. ದೋಣಿಯ ಆಚೆಗೆ ಎಸೆದು ಮೆಲ್ಲ ಎಳೆದರೆ ದೋಣಿ ಬರುತ್ತದೆ.

ಭಾವನಿಗೆ ಈಗ ಸ್ಪೀಡಿನ ತಕರಾರು ಇಲ್ಲ. ಗಾಳಿಗೆ ಹೊಂಡಕ್ಕೆ ಬಿದ್ದ ಅಡಿಕೆ ಹಾಳೆ, ಸೋಗೆಯನ್ನು ಮೊದಲು ಉದ್ದ ಬಿದಿರಿನ ಗಳುವಿನಿಂದ ಎಳೆಯುತ್ತಿದ್ದರು, ನಡುವಿನದ್ದು ಅಲ್ಲೇ ಕೊಳೆಯುತ್ತಿತ್ತು. ಕಳೆದ ಡಿಸೆಂಬರಿನಲ್ಲಿ ಟಗ್ಗಿನ ಮೂತಿಗೆ ತಂತಿಯ ಕೊಕ್ಕೆ ಸಿಕ್ಕಿಸಿ ಒಂದು ಸೋಗೆಯನ್ನು ಹಿಮ್ಮುಖವಾಗಿ ಎಳೆದು ದಂಡೆಗೆ ತಂದೆ. ಹತ್ತು ನಿಮಿಷ ಹಿಡಿಯಿತು, ಆದರೆ ತಂದಿತು. ಮೊನ್ನೆ ಫೋನ್ ಮಾಡಿದ್ದರು: "ಭಾವ, ಹೊಂಡದಲ್ಲಿ ಏಳೆಂಟು ಹಾಳೆ ಉಂಟು. ಬರುವಾಗ ಬೋಟ್ ಮರೀಬೇಡಿ."