ಡೆಲ್ ಪವರ್‌ಎಡ್ಜ್ ಟಿ150, ವಿಂಡೋಸ್ ಸರ್ವರ್ 2022 ಎಸೆನ್ಶಿಯಲ್ಸ್: ಆಡಿಟ್ ಆಫೀಸಿನಲ್ಲಿ ಮೂರು ವರ್ಷ ಬಳಸಿದ ಮೇಲೆ

ದಾವಣಗೆರೆಯ ನಮ್ಮ ಆಡಿಟ್ ಆಫೀಸಿಗೆ ಈ ಟವರ್ ಸರ್ವರ್, ಅಂದರೆ ಎಲ್ಲರ ಫೈಲ್, ಅಕೌಂಟ್ ಒಂದೇ ಕಡೆ ಇಟ್ಟುಕೊಳ್ಳುವ ಯಂತ್ರ, ಬಂದು ಮೂರು ವರ್ಷ ದಾಟಿದೆ. ಎಷ್ಟು ಕಂಪ್ಯೂಟರ್ ಆದರೆ ಸರ್ವರ್ ತಗೋಬೇಕು ಎಂದು ಬೇರೆ ಆಫೀಸಿನವರು ಕೇಳುತ್ತಲೇ ಇರುತ್ತಾರೆ. ಕಂಪ್ಯೂಟರ್ ಎಣಿಸಬೇಡಿ ಅಂತಲೇ ನಾನು ಹೇಳುವುದು. ಒಬ್ಬರು ತಮ್ಮ ಕಂಪ್ಯೂಟರ್ ಆಫ್ ಮಾಡಿದ ಕೂಡಲೇ ಉಳಿದವರ ಕೆಲಸ ನಿಲ್ಲುತ್ತಿದೆಯಾ? ಹಾಗಿದ್ದರೆ ಹೊತ್ತು ಬಂದಿದೆ.

ನಮ್ಮಲ್ಲಿ ಆಗುತ್ತಿದ್ದದ್ದು ಅದೇ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಎಲ್ಲಾ ಮುಂದಿನ ಟೇಬಲ್ಲಿನ ಕಂಪ್ಯೂಟರಿನ ಶೇರ್ ಫೋಲ್ಡರ್‌ನಲ್ಲಿತ್ತು. ಅಲ್ಲಿ ಕೂರುವವರು ಸಂಜೆ ಶಟ್‌ಡೌನ್ ಮಾಡಿ ಮನೆಗೆ ಹೋದರೆ, ಒಳಗೆ ಕೂತ ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಹುಡುಗರ ಎಂಟ್ರಿ ಅರ್ಧಕ್ಕೇ ನಿಲ್ಲುತ್ತಿತ್ತು. 20ನೇ ತಾರೀಕಿನ ಜಿಎಸ್‌ಟಿ ರಿಟರ್ನ್ ಹೊತ್ತಿಗೆ, ಸೆಪ್ಟೆಂಬರ್ ಕೊನೆಯ ಟ್ಯಾಕ್ಸ್ ಆಡಿಟ್ ಗಡಿಬಿಡಿಯಲ್ಲಿ ಇದು ತುಂಬಾ ಕಷ್ಟ. ವಿಂಡೋಸ್ 10, 11ರಲ್ಲಿ ಶೇರ್ ಮಾಡಿದ ಫೋಲ್ಡರಿಗೆ ಒಮ್ಮೆಗೆ 20 ಸಂಪರ್ಕ ಎಂಬ ಮಿತಿ ಇದೆ. ನಾವು ಆ ಮಿತಿಯ ಹತ್ತಿರವೂ ಹೋಗಿರಲಿಲ್ಲ. ಕಷ್ಟ ಅದಕ್ಕೂ ಎಷ್ಟೋ ಮೊದಲೇ ಶುರುವಾಯಿತು.

ಇನ್ನೆರಡು ಸೂಚನೆಗಳೂ ಇದ್ದವು. ಒಂದೇ ಪಾರ್ಟಿಯ ಬ್ಯಾಲೆನ್ಸ್ ಶೀಟ್ ನಾಲ್ಕು ಕಂಪ್ಯೂಟರಿನಲ್ಲಿ, ನಾಲ್ಕಕ್ಕೂ ‘ಫೈನಲ್’ ಅಂತ ಹೆಸರು. ಕೆಲಸ ಬಿಟ್ಟು ಹೋದವರ ಪಾಸ್‌ವರ್ಡ್ ತೆಗೆಯಲು ಒಂದೊಂದೇ ಕಂಪ್ಯೂಟರ್ ಹುಡುಕಿಕೊಂಡು ಹೋಗಬೇಕು. ಪಾರ್ಟಿಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಳ್ಳುವ ಜಾಗದಲ್ಲಿ ಇದು ನಡೆಯಬಾರದು.

ವಿಂಡೋಸ್ ಸರ್ವರ್‌ನ ಎಸೆನ್ಶಿಯಲ್ಸ್ ಆವೃತ್ತಿ ಆರಿಸಲು ಕಾರಣ ಲೈಸೆನ್ಸ್. 25 ಬಳಕೆದಾರರು, 50 ಸಾಧನಗಳವರೆಗೆ ತಲೆಗೊಂದು ಲೈಸೆನ್ಸ್ ಬೇರೆ ಕೊಳ್ಳಬೇಕಿಲ್ಲ. ಸ್ಟ್ಯಾಂಡರ್ಡ್ ಆವೃತ್ತಿಗೆ ಅದು ಬೇಕು. ಟಿ150ಯಲ್ಲಿ ಎರಡು ಡಿಸ್ಕ್ ಹಾಕಿಸಿ ರೇಡ್ 1 ಮಾಡಿಸಿದೆವು, ಅಂದರೆ ಒಂದೇ ಡೇಟಾ ಎರಡರಲ್ಲೂ ಇರುತ್ತದೆ. ಒಂದು ಡಿಸ್ಕ್ ಕೈಕೊಟ್ಟರೂ ಇನ್ನೊಂದರಿಂದ ಕೆಲಸ ನಡೆಯುತ್ತದೆ.

ಮೂರು ವರ್ಷದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಪ್ರೀವಿಯಸ್ ವರ್ಷನ್ಸ್’. ಸರ್ವರ್‌ನಲ್ಲಿ ಫೈಲುಗಳ ಹಳೆಯ ಪ್ರತಿ ಆಗಾಗ ಉಳಿಸಿಡುವ ಶ್ಯಾಡೋ ಕಾಪಿ ಆನ್ ಮಾಡಿಟ್ಟರೆ, ಯಾರಾದರೂ ಎಕ್ಸೆಲ್ ಶೀಟಿನ ಮೇಲೆ ಬೇರೇನೋ ಸೇವ್ ಮಾಡಿಬಿಟ್ಟಾಗ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಬೆಳಗಿನ ಪ್ರತಿ ವಾಪಸ್ ತೆಗೆಯಬಹುದು. ಹುಡುಗರೇ ಮಾಡಿಕೊಳ್ಳುತ್ತಾರೆ, ನನ್ನನ್ನು ಕರೆಯುವುದೂ ಇಲ್ಲ. ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಒಬ್ಬರು ಕೆಲಸ ಬಿಟ್ಟರೆ ಅವರ ಅಕೌಂಟನ್ನು ಒಂದೇ ಕಡೆ ನಿಲ್ಲಿಸಿದರೆ ಸಾಕು.

ಟ್ಯಾಲಿ ವೇಗದ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ವೈಫೈ ಬಿಟ್ಟು ಎಲ್ಲಾ ಟೇಬಲ್ಲಿಗೂ ಕ್ಯಾಟ್ 6 ಕೇಬಲ್, ಗಿಗಾಬಿಟ್ ಸ್ವಿಚ್ ಹಾಕಿಸಿದಾಗ ಆದ ಸುಧಾರಣೆಯೇ ದೊಡ್ಡದು. ಎಲ್ಲರೂ ಒಟ್ಟಿಗೆ ಎಂಟ್ರಿ ಮಾಡಬೇಕಾದರೆ ಟ್ಯಾಲಿ ಸಿಲ್ವರ್ ಸಾಲದು, ಗೋಲ್ಡ್ ಲೈಸೆನ್ಸ್ ಬೇಕು.

ಈಗ ಖರ್ಚಿನ ವಿಷಯ. ಪೆಟ್ಟಿಗೆಯ ಬೆಲೆ ಮಾತ್ರ ನೋಡಿ ಹೊರಟರೆ ಕೈ ಸುಡುತ್ತದೆ. ವಿಂಡೋಸ್ ಹೋಮ್ ಇರುವ ಕಂಪ್ಯೂಟರ್ ಡೊಮೈನ್‌ಗೆ (ಸರ್ವರ್ ಒಂದೇ ಕಡೆಯಿಂದ ನೋಡಿಕೊಳ್ಳುವ ಕಂಪ್ಯೂಟರ್‌ಗಳ ಗುಂಪಿಗೆ) ಸೇರುವುದಿಲ್ಲ, ಅವಕ್ಕೆಲ್ಲ ಪ್ರೊ ಬೇಕು. ಯುಪಿಎಸ್ ಬೇಕು, ಅದೂ ಯುಎಸ್‌ಬಿ ಕೇಬಲ್ ಮೂಲಕ ಸರ್ವರ್‌ಗೆ ಸುದ್ದಿ ಕೊಟ್ಟು ತಾನೇ ಶಟ್‌ಡೌನ್ ಮಾಡಿಸುವಂಥದ್ದು. ಬೇಸಿಗೆಯ ಕರೆಂಟಿನ ಸ್ಥಿತಿ ನಿಮಗೇ ಗೊತ್ತಲ್ವಾ. ಜೊತೆಗೆ ನೋಡಿಕೊಳ್ಳಲು ಒಬ್ಬರು ಬೇಕು. ನಮಗೆ ಇದನ್ನು ಜೋಡಿಸಿಕೊಟ್ಟವರು ಒಂದು ಮಾತು ಮೊದಲೇ ಹೇಳಲಿಲ್ಲ: ಡೊಮೈನ್‌ನಲ್ಲಿರುವ ಕಂಪ್ಯೂಟರ್‌ಗಳು ಡಿಎನ್‌ಎಸ್‌ಗೆ, ಅಂದರೆ ವೆಬ್‌ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಲು, ಇದೇ ಸರ್ವರನ್ನು ಕೇಳುತ್ತವೆ. ಹಾಗಾಗಿ ಇದು ರೀಸ್ಟಾರ್ಟ್ ಆಗುವಾಗ ಇಂಟರ್‌ನೆಟ್ ಕೂಡ ನಿಂತ ಹಾಗೆ ಕಾಣುತ್ತದೆ. ಅಪ್‌ಡೇಟ್‌ಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಇನ್ನೊಂದನ್ನು ಒತ್ತಿ ಹೇಳಬೇಕು. ರೇಡ್ ಅಂದರೆ ಬ್ಯಾಕಪ್ ಅಲ್ಲ. ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಬಂದರೆ ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಫೈಲ್ ಹಾಳಾಗುತ್ತದೆ. 2017ರ ಮೇನಲ್ಲಿ ವಾನ್ನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದ್ದೇ ಶೇರ್ ಫೋಲ್ಡರ್‌ಗಳಿಗೆ ಬಳಸುವ ಎಸ್‌ಎಂಬಿ ಎಂಬ ವ್ಯವಸ್ಥೆಯ ಹಳೆಯ ದೋಷದಿಂದ. ನಾವು ಎರಡು ಹೊರಗಿನ ಡಿಸ್ಕ್ ಇಟ್ಟುಕೊಂಡು ವಾರಕ್ಕೊಮ್ಮೆ ಬದಲಿಸುತ್ತೇವೆ. ಒಂದು ಯಾವಾಗಲೂ ಆಫೀಸಿನ ಹೊರಗೇ ಇರುತ್ತದೆ.

ಎಲ್ಲರಿಗೂ ಇದು ಬೇಡ. ಫೈಲ್ ಹಂಚಿಕೊಂಡರೆ ಸಾಕು ಎನ್ನುವವರಿಗೆ ಎರಡು ಡಿಸ್ಕಿನ ಎನ್‌ಎಎಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್) ಪೆಟ್ಟಿಗೆ ಸಾಕು, ಕರೆಂಟೂ ಕಡಿಮೆ. ಬರೀ ಮೇಲ್, ಪತ್ರ, ಶೀಟ್ ಆದರೆ ಗೂಗಲ್ ವರ್ಕ್‌ಸ್ಪೇಸ್ ಅಥವಾ ಮೈಕ್ರೋಸಾಫ್ಟ್ 365 ತಗೊಳ್ಳಿ. ಸುಮ್ನೆ ಮೂಲೆಯಲ್ಲಿ ಯಂತ್ರ ಇಟ್ಟು ಪ್ರಯೋಜನವಿಲ್ಲ.

ಸರ್ವರ್ 2022ಕ್ಕೆ ಸೆಕ್ಯೂರಿಟಿ ಅಪ್‌ಡೇಟ್ 2031ರ ಅಕ್ಟೋಬರ್‌ವರೆಗೆ ಸಿಗುತ್ತದೆ. ಅಲ್ಲಿಯವರೆಗೆ ಸಾಫ್ಟ್‌ವೇರ್ ಬದಲಿಸುವ ಯೋಚನೆ ನನಗಿಲ್ಲ. ಡಿಸ್ಕ್‌ಗಳನ್ನು ಮಾತ್ರ ವಾರಂಟಿ ಮುಗಿಯುವ ಮುನ್ನವೇ, ಸೆಪ್ಟೆಂಬರ್ ಗಡಿಬಿಡಿ ಶುರುವಾಗುವುದಕ್ಕೆ ಮೊದಲು ಒಂದೊಂದಾಗಿ ಬದಲಿಸುತ್ತೇನೆ.