ಪಟ್ಟೆ ಶಾಲಿಗೆ ಯಾವ ನೂಲು? ನಾಲ್ಕು ಶಾಲು ಹೆಣೆದ ಮೇಲೆ ನಾನು ಹತ್ತಿಗೇ ನಿಂತದ್ದು

ಕಳೆದೆರಡು ವರ್ಷಗಳಲ್ಲಿ ನಾನು ಮನೆಯಲ್ಲಿ ನಾಲ್ಕು ಪಟ್ಟೆ ಶಾಲುಗಳನ್ನು ಹೆಣೆದಿದ್ದೇನೆ: ಅಕ್ರಿಲಿಕ್ ನೂಲಿನದೊಂದು, ಮೆರಿನೊ ಉಣ್ಣೆಯದೊಂದು, ಹತ್ತಿಯವು ಎರಡು. ಆಟಿ ತಿಂಗಳು ಕಳೆದು ಬಿಸಿಲು ಮುಖ ತೋರಿಸಿದಾಗ ಕಪಾಟಿನಿಂದ ತೆಗೆದ ಉಣ್ಣೆ ಶಾಲಿನಲ್ಲಿ ಒಂಬತ್ತು ತೂತುಗಳನ್ನು ಎಣಿಸಿದ ದಿನವೇ ನನ್ನ ಮನಸ್ಸು ಹತ್ತಿಯ ಕಡೆಗೆ ವಾಲಿತ್ತು. ಆಮೇಲೆ ಅದು ಕದಲಿಲ್ಲ. ಆದರೆ ಹತ್ತಿಯ ಮೊದಲ ಶಾಲು ನನ್ನನ್ನು ಅಳಿಸುವುದೊಂದು ಬಾಕಿ ಇಟ್ಟಿತ್ತು. ಆ ಕಷ್ಟದ ಕಥೆಯನ್ನೇ ಇಲ್ಲಿ ಹೆಚ್ಚು ಬರೆಯುತ್ತೇನೆ, ಏಕೆಂದರೆ ಪಟ್ಟೆ ಹೆಣೆಯಲು ಹೊರಟವರು ಎಡವುವುದು ಅಲ್ಲಿಯೇ.

ಅಕ್ರಿಲಿಕ್ ಶಾಲನ್ನು ನಾನು ಪರೀಕ್ಷೆಗೆ ಒಡ್ಡಿದ್ದು 2024ರ ಜನವರಿಯಲ್ಲಿ, ಉಡುಪಿಯ ಪರ್ಯಾಯದ ರಾತ್ರಿ. ಜೋಡುಕಟ್ಟೆಯ ಬಳಿ ಮೆರವಣಿಗೆಗಾಗಿ ಕಾದು ನಿಂತಾಗ ಇಬ್ಬನಿಯ ತಂಪಿಗೆ ಅದು ಹಿತವಾಗಿಯೇ ಇತ್ತು. ಜನ ಒತ್ತಿಕೊಂಡು ಬಂದ ಮೇಲೆ ಮಾತ್ರ ಕತ್ತಿನ ಸುತ್ತ ಪ್ಲಾಸ್ಟಿಕ್ ಹಾಳೆ ಹೊದ್ದಂತಾಗಿ, ಬೆಳಗಿನ ಜಾವದ ಹೊತ್ತಿಗೆ ಶಾಲು ಕೈಚೀಲ ಸೇರಿತು. ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿ ಇಟ್ಟುಕೊಳ್ಳುತ್ತದೆ, ಉಣ್ಣೆ ಅದರ ಇಮ್ಮಡಿಯಷ್ಟು, ಅಕ್ರಿಲಿಕ್ ಶೇ. 2ರಷ್ಟನ್ನೂ ಹೀರದು. ಬೆವರು ಸದಾ ಮೈಮೇಲೆಯೇ ಇರುವ ನಮ್ಮ ಕರಾವಳಿಯಲ್ಲಿ ಈ ವ್ಯತ್ಯಾಸವನ್ನು ಅಳೆಯಲು ಯಾವ ಯಂತ್ರವೂ ಬೇಡ. ಅದರ ಗುಣವನ್ನೂ ಹೇಳಬೇಕು: ಮಳೆಗಾಲದಲ್ಲಿಯೂ ಬೆಳಿಗ್ಗೆ ಒಗೆದರೆ ಸಂಜೆಗೆ ಒಣಗುತ್ತದೆ, ಬಣ್ಣ ಬಿಡುವುದಿಲ್ಲ, ನುಸಿ ಮುಟ್ಟುವುದಿಲ್ಲ, ಫ್ಯಾನ್ಸಿ ಅಂಗಡಿಗಳಲ್ಲಿ ಬೇಕಾದ ಬಣ್ಣ ಸಿಗುತ್ತದೆ. ಇಸ್ತ್ರಿಯನ್ನು ಮಾತ್ರ ಹತ್ತಿರ ತರಬಾರದು. ನಾನು ತಂದೆ, ಒಂದು ಮೂಲೆ ಜೀವ ಹೋದಂತೆ ಜೋತುಬಿದ್ದಿತು.

ಉಣ್ಣೆಯ ಬಗ್ಗೆ ದೂರು ಹೇಳಲು ಸಂಕೋಚವಾಗುತ್ತದೆ, ಏಕೆಂದರೆ ಹೆಣೆಯುವಾಗ ಬೆರಳಿಗೆ ಸಿಗುವ ಸುಖದಲ್ಲಿ ಅದನ್ನು ಮೀರಿಸುವ ನೂಲು ಇಲ್ಲ. ಕುಣಿಕೆ ಸ್ವಲ್ಪ ಬಿಗಿಯಾದರೂ ಸಡಿಲವಾದರೂ ಒಂದು ಸಲ ನೀರಿನಲ್ಲಿ ಅದ್ದಿ ಹರಡಿದರೆ ತಾನಾಗಿ ಸಮವಾಗುತ್ತದೆ. ಆದರೆ ಅದನ್ನು ಹೊದೆಯಬೇಕಾದಷ್ಟು ಚಳಿ ಇಲ್ಲಿ ಡಿಸೆಂಬರ್ ಕೊನೆಯ ಕೆಲವು ಮುಂಜಾವುಗಳಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಉಳಿದ ಹನ್ನೊಂದು ತಿಂಗಳು ಅದನ್ನು ಕಾಯುವುದೇ ಒಂದು ಚಾಕರಿ. ನುಸಿಗುಳಿಗೆ ಹಾಕಿದ್ದರೆ ಉಳಿಯುತ್ತಿತ್ತೇನೋ. ಆ ವಾಸನೆ ನನಗೆ ಆಗದು, ಹಾಕಲಿಲ್ಲ, ನುಸಿಯ ಮರಿಹುಳಗಳು ಹಬ್ಬ ಮಾಡಿದವು.

ಈಗ ಹತ್ತಿಯ ಮಾತು. ಅಮ್ಮನ ಉಡುಪಿ ಸೀರೆಗಳನ್ನು ನೋಡುತ್ತ ಬೆಳೆದವಳಿಗೆ ಹತ್ತಿಯ ಮೇಲೆ ಮೊದಲೇ ನಂಬಿಕೆ ಇತ್ತು. ಹಾಗಾಗಿ ಕಡು ಕೆಂಪು ಮತ್ತು ತಿಳಿ ಹಳದಿ ನೂಲು ತರಿಸಿ, ಮೊದಲಿನ ಎರಡು ಶಾಲುಗಳನ್ನು ಹೆಣೆದ ಕ್ರಮದಲ್ಲಿಯೇ, ಅಂದರೆ ಶಾಲಿನ ಅಗಲದಷ್ಟು ಕುಣಿಕೆಗಳನ್ನು ಕಡ್ಡಿಗೆ ಹಾಕಿ, ಹಿಂದೆ ಮುಂದೆ ಒಂದೇ ತೆರನಾದ ಸಾದಾ ಹೆಣಿಗೆಯಲ್ಲಿ ಎಂಟು ಸಾಲಿಗೊಮ್ಮೆ ಬಣ್ಣ ಬದಲಿಸುತ್ತ ಉದ್ದಕ್ಕೆ ಬೆಳೆಸುತ್ತ ಹೋದೆ. ಬಣ್ಣ ಬದಲಿಸುವಾಗ ಬಿಟ್ಟ ನೂಲನ್ನು ಕತ್ತರಿಸದೆ, ಅಂಚಿನ ಪಕ್ಕದಲ್ಲಿಯೇ ಮೇಲಕ್ಕೆ ಒಯ್ದು ಮುಂದಿನ ಪಟ್ಟೆಗೆ ಬಳಸುವುದು ಎಲ್ಲರೂ ಮಾಡುವ ಉಪಾಯ. ಅಕ್ರಿಲಿಕ್ ಮತ್ತು ಉಣ್ಣೆಯಲ್ಲಿ ಅದರಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ. ಹತ್ತಿಯಲ್ಲಿ ಅರ್ಧ ಶಾಲು ಆಗುವ ಹೊತ್ತಿಗೆ ನೂಲು ಏರಿದ ಅಂಚು ಗಿಡ್ಡವಾಗಿ, ಎದುರಿನ ಅಂಚು ಉದ್ದವಾಗಿ, ಇಡೀ ಬಟ್ಟೆ ಬಾಗಿ ನಿಂತಿತು. ನೋಡಲು ಬಂದ ದೊಡ್ಡಮ್ಮ, "ಇದೆಂತದು ಮಾರಾಯ್ತಿ, ಶಾಲೋ ದೋಣಿಯೋ?" ಎಂದು ಕೇಳಿದರು.

ಕಾರಣ ಸರಳವಾಗಿತ್ತು, ನನಗೆ ಹೊಳೆಯಲು ತಡವಾಯಿತು. ಸಾದಾ ಹೆಣಿಗೆಯ ಬಟ್ಟೆ ಉದ್ದಕ್ಕೆ ಚೆನ್ನಾಗಿ ಹಿಗ್ಗುತ್ತದೆ, ಹತ್ತಿಯ ತೂಕಕ್ಕೆ ಇನ್ನಷ್ಟು ಜಗ್ಗುತ್ತದೆ. ಆದರೆ ಅಂಚಿನಲ್ಲಿ ನೇರವಾಗಿ ಏರಿದ ನೂಲಿನ ಎಳೆ ಹಿಗ್ಗುವುದಿಲ್ಲ. ಉಣ್ಣೆಯ ಎಳೆಗೆ ಸ್ವಲ್ಪ ಎಳೆತಕ್ಕೆ ಒಗ್ಗುವ ಗುಣವಿದೆ, ಹತ್ತಿಯ ಎಳೆಗೆ ಅದಿಲ್ಲ. ಅಷ್ಟನ್ನೂ ಬಿಚ್ಚಿ, ಏರುವ ನೂಲನ್ನು ಸಡಿಲವಾಗಿ ಬಿಟ್ಟು ಮತ್ತೆ ಹೆಣೆದೆ. ಅಂಚು ನೇರವಾಯಿತು, ಆದರೆ ಅಲ್ಲಿ ಸಾಲಾಗಿ ನಿಂತ ನೂಲಿನ ಬಳೆಗಳು ನನ್ನ ಕೈಯ ಬಳೆಗಳಿಗೆ ಸಿಕ್ಕಿಕೊಳ್ಳತೊಡಗಿದವು.

ಸರಿ, ಪಟ್ಟೆಗೊಮ್ಮೆ ಕತ್ತರಿಸಿಯೇಬಿಡೋಣ ಎಂದು ಮೂರನೆಯ ಸಲ ಹೊರಟೆ. ಆರುನೂರು ಸಾಲಿನ ಶಾಲಿನಲ್ಲಿ ಎಂಟು ಸಾಲಿಗೊಂದರಂತೆ 75 ಪಟ್ಟೆಗಳು, ಪಟ್ಟೆಗೆ ಎರಡರಂತೆ 150 ನೂಲಿನ ತುದಿಗಳು. ಅವನ್ನೆಲ್ಲ ದಪ್ಪ ಸೂಜಿಯಿಂದ ಹೆಣಿಗೆಯೊಳಗೆ ಅಡಗಿಸಲು ನಾಲ್ಕು ಸಂಜೆ ಹಿಡಿಯಿತು. ಮೂರು ಸಲ ಒಗೆದ ಮೇಲೆ ಇಪ್ಪತ್ತು ಕಡೆಗಳಲ್ಲಿ ತುದಿಗಳು ಮತ್ತೆ ಹೊರಗೆ ಇಣುಕಿದವು! ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂತಹ ಸೂಕ್ಷ್ಮ ಪದರಗಳಿರುವುದರಿಂದ ಒಳಗೆ ಸೇರಿಸಿದ ತುದಿ ಅಲ್ಲಿಯೇ ಹಿಡಿದುಕೊಳ್ಳುತ್ತದೆ; ಹತ್ತಿಯ ನುಣುಪು ನೂಲು ಜಾರಿ ಬರುತ್ತದೆ. ಗಂಟು ಹಾಕಿದರೆ ಕತ್ತಿಗೆ ಚುಚ್ಚುತ್ತದೆ. ಆ ಶಾಲು ಈಗಲೂ ನನ್ನ ಬಳಿ ಇದೆ. ಮನೆಯೊಳಗೆ ಹೊದೆಯುತ್ತೇನೆ, ಹೊರಗೆ ಒಯ್ಯುವುದಿಲ್ಲ.

ಪರಿಹಾರ ತೋರಿಸಿದವರು ನಮ್ಮ ಓಣಿಯಲ್ಲಿ ಸೀರೆಯ ಸೆರಗಿಗೆ ಕುಚ್ಚು ಕಟ್ಟಿಕೊಡುವ ಅಕ್ಕ. ಅವರಿಗೆ ಹೆಣಿಗೆ ಬರುವುದಿಲ್ಲ. ನನ್ನ ಗೋಳನ್ನು ಕೇಳಿ, ಅಷ್ಟೊಂದು ತುದಿಗಳಿದ್ದರೆ ಅಡಗಿಸುವುದು ಏಕೆ, ಕುಚ್ಚು ಕಟ್ಟಬಾರದೇ ಎಂದರು. ಆದರೆ ನನ್ನ ತುದಿಗಳಿದ್ದದ್ದು ಶಾಲಿನ ಉದ್ದನೆಯ ಬದಿಯಲ್ಲಿ, ಕುಚ್ಚು ಬೇಕಾದದ್ದು ಗಿಡ್ಡ ಬದಿಯಲ್ಲಿ. ಹಾಗಿದ್ದರೆ ಶಾಲನ್ನೇ ಅಡ್ಡ ತಿರುಗಿಸಿ ಹೆಣೆಯಬೇಕು, ಅಂದರೆ ಅಗಲದ ಬದಲು ಉದ್ದದಷ್ಟೂ ಕುಣಿಕೆಗಳನ್ನು ಮೊದಲೇ ಹಾಕಬೇಕು ಎಂಬುದು ಆ ರಾತ್ರಿ ಮಲಗಿದ ಮೇಲೆ ಹೊಳೆಯಿತು.

ಎರಡನೆಯ ಹತ್ತಿ ಶಾಲಿಗೆ 300 ಕುಣಿಕೆಗಳನ್ನು ಹಾಕಿದೆ. ನೇರ ಕಡ್ಡಿಗಳಲ್ಲಿ ಇಷ್ಟು ಹಿಡಿಸುವುದಿಲ್ಲ; ನಡುವೆ ಬಳುಕುವ ತಂತಿಯಿರುವ, 120 ಸೆಂಟಿಮೀಟರ್ ಉದ್ದದ ಸರ್ಕ್ಯುಲರ್ ಕಡ್ಡಿ ಬೇಕು. ಪ್ರತಿ ಸಾಲಿನ ಆರಂಭದಲ್ಲಿಯೂ ಕೊನೆಯಲ್ಲಿಯೂ ಒಂದು ಗೇಣು ನೂಲು ಬಿಟ್ಟು ಕತ್ತರಿಸುತ್ತ ಹೋದರೆ ಎರಡೂ ಗಿಡ್ಡ ಬದಿಗಳಲ್ಲಿ ಕುಚ್ಚಿನ ಎಳೆಗಳು ತಾವಾಗಿ ಸೇರುತ್ತವೆ. ನನ್ನದು 160 ಸಾಲು. ನಾಲ್ಕು ಎಳೆಗೊಂದರಂತೆ ಬದಿಗೆ 40 ಕುಚ್ಚು. ಅಡಗಿಸಲು ಒಂದು ತುದಿಯೂ ಉಳಿಯಲಿಲ್ಲ. ಪ್ರತಿ ಸಾಲಿಗೂ ನೂಲು ಕತ್ತರಿಸುವುದರಿಂದ ಬೆಸಸಂಖ್ಯೆಯ ಸಾಲುಗಳ ಪಟ್ಟೆಯನ್ನೂ ಹಾಕಬಹುದು. ಒಂದೇ ಸಾಲಿನ ಹಳದಿ ಗೆರೆಯೊಂದನ್ನು ಕೆಂಪಿನ ನಡುವೆ ಎಳೆದದ್ದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಶಾಲಿನ ಉದ್ದಕ್ಕೂ ಆರಂಭದ ಅಂಚು ಮತ್ತು ಮುಗಿಸಿದ ಅಂಚು ಗಟ್ಟಿಯಾಗಿ ಹಿಡಿದಿರುವುದರಿಂದ ಮೊದಲಿನದರಂತೆ ಅದು ಜಗ್ಗಿ ಮೊಣಕಾಲು ಮುಟ್ಟಲಿಲ್ಲ. ಕೊನೆಯ ಸಾಲನ್ನು ಮುಚ್ಚುವಾಗ ಮಾತ್ರ ಒಂದು ಅಳತೆ ಹೆಚ್ಚು ದಪ್ಪದ ಕಡ್ಡಿ ಬಳಸಬೇಕು, ಇಲ್ಲದಿದ್ದರೆ ಆ ಅಂಚು ಬಿಗಿದು ಮತ್ತೆ ದೋಣಿಯೇ.

ಬಣ್ಣ ಬಿಡುವ ಭಯವಿದ್ದರೆ ಹೆಣೆಯುವ ಮೊದಲು ಕೆಂಪು ನೂಲಿನ ತುಂಡೊಂದನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟು ನೋಡುವುದು ಸಾಕು. ಹಿಂಬದಿಯಲ್ಲಿ ಪಟ್ಟೆಗಳ ಗಡಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಅದು ಮೂರೂ ನೂಲುಗಳಲ್ಲಿ ಒಂದೇ.

ಹತ್ತಿಯ ಒಂದು ದೋಷಕ್ಕೆ ನನ್ನಲ್ಲಿ ಮದ್ದಿಲ್ಲ. ಜುಲೈ ತಿಂಗಳಲ್ಲಿ ಒಗೆದರೆ ಫ್ಯಾನಿನ ಕೆಳಗೆ ಚಾಪೆಯ ಮೇಲೆ ಹರಡಿದರೂ ಮೂರು ದಿನ ಬೇಕು, ಅಷ್ಟರಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಮಳೆ ಹಿಡಿಯುವ ಮೊದಲೇ ಒಗೆದು, ಚೌತಿಯವರೆಗೆ ಹೊದೆದಷ್ಟೂ ಹೊದೆದು, ಆಮೇಲೆ ಬಿಸಿಲು ನೋಡಿ ಒಗೆಯುವುದು ನನ್ನ ರೂಢಿಯಾಗಿದೆ. ಇದನ್ನು ಒಪ್ಪದವರು ಅಕ್ರಿಲಿಕ್ ಹೆಣೆಯಲಿ.

ಖರ್ಚಿನ ಲೆಕ್ಕ ಹೀಗಿದೆ: ಅಕ್ರಿಲಿಕ್ 300 ಗ್ರಾಮಿಗೆ 270 ರೂಪಾಯಿ, ಉಣ್ಣೆ ಅಷ್ಟೇ ತೂಕಕ್ಕೆ 1,650 ರೂಪಾಯಿ, ಹತ್ತಿ 450 ಗ್ರಾಮಿಗೆ 810 ರೂಪಾಯಿ. ಕುಚ್ಚಿಗೆ ಹೋದ ಸುಮಾರು 70 ಮೀಟರ್ ನೂಲೂ ಇದರಲ್ಲಿ ಸೇರಿದೆ. ಸಂಜೆ ಒಂದು ಗಂಟೆಯಂತೆ ಹೆಣೆಯುವ ನನಗೆ ಒಂದು ಶಾಲಿಗೆ ಎರಡು ತಿಂಗಳು ಬೇಕು. ಎರಡು ತಿಂಗಳಿಗೆ 810 ರೂಪಾಯಿ ನನ್ನ ಕೈಗೆ ಎಟಕುವ ಮೊತ್ತ. 1,650 ಕೊಟ್ಟು ನುಸಿಗೆ ಊಟ ಹಾಕುವುದು ಎಟಕದು. ಹೆಣಿಗೆಯನ್ನು ಈಗಷ್ಟೇ ಕಲಿಯುತ್ತಿರುವವರು 270 ರೂಪಾಯಿಯ ನೂಲಿನಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಕೇದಾರಕ್ಕೆ ಹೊರಟವರಿಗೆ ನಾನೂ ಉಣ್ಣೆಯನ್ನೇ ಹೆಣೆದು ಕೊಟ್ಟೇನು. ನನ್ನ ಶಾಲು ಹೋಗುವುದು ಹೆಚ್ಚೆಂದರೆ ರಾತ್ರಿ ಬಯಲಾಟಕ್ಕೆ, ಇಲ್ಲವೇ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ಎ.ಸಿ. ಬಸ್ಸಿಗೆ. ಎರಡೂ ಕಡೆ ಹತ್ತಿ ಸಾಕಾಗಿದೆ.

ಬೂದು ಮತ್ತು ಬಿಳಿಯ ಇನ್ನೊಂದು ಹತ್ತಿ ಶಾಲು ಈಗ ಕಡ್ಡಿಯ ಮೇಲಿದೆ. ಅದು ದೊಡ್ಡಮ್ಮನಿಗೆ. ಕುಚ್ಚು ಕಟ್ಟುವ ಕೆಲಸವನ್ನು ಈ ಸಲ ಆ ಅಕ್ಕನಿಗೇ ಒಪ್ಪಿಸಿದ್ದೇನೆ.