ಬಿಲ್ಲಿನಲ್ಲಿದ್ದ ಕೆಲಸ, ಕಾರಿನಲ್ಲಿ ಆದ ಕೆಲಸ: ಒಂದು ಸರ್ವಿಸ್ ಸೆಂಟರಿನ ವಿಮರ್ಶೆ

ಪೆಟ್ರೋಲ್ ಕಾರೊಂದನ್ನು ನಿಗದಿತ ಸರ್ವಿಸ್‌ಗೆ ಬಿಟ್ಟು, ಹಣ ಕೊಟ್ಟು ಮರಳಿ ತಂದ ಮೇಲೆ, ಬಿಲ್ಲಿನಲ್ಲಿ ಬರೆದ ಕೆಲಸಗಳು ಕಾರಿನಲ್ಲಿಯೂ ಆಗಿವೆಯೇ ಎಂದು ಒಂದೊಂದಾಗಿ ನೋಡಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಕೆಲಸ ಮಾಡಿಕೊಟ್ಟದ್ದು ಎಲ್ಲ ಕಂಪನಿಗಳ ಕಾರುಗಳನ್ನೂ ತೆಗೆದುಕೊಳ್ಳುವ ಒಂದು ಖಾಸಗಿ ಸರ್ವಿಸ್ ಸೆಂಟರ್. ಕಂಡ ಲೋಪ ಅದೊಂದಕ್ಕೇ ಸೀಮಿತವೆಂದು ಅನಿಸದ ಕಾರಣ ಹೆಸರು ಬರೆಯುತ್ತಿಲ್ಲ. ಬಿಲ್ಲಿನಲ್ಲಿದ್ದದ್ದು ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎ.ಸಿ. ಫಿಲ್ಟರ್, ಬ್ರೇಕ್ ಆಯಿಲ್ ಬದಲಾವಣೆ, ಟೈರ್ ರೊಟೇಷನ್ ಮತ್ತು ವೀಲ್ ಅಲೈನ್‌ಮೆಂಟ್. ಇವುಗಳಲ್ಲಿ ಎರಡು ಆಗಿರಲಿಲ್ಲ. ಬಾನೆಟ್ ಎತ್ತಿದೊಡನೆ ಕಣ್ಣಿಗೆ ಬೀಳುವ ಕೆಲಸಗಳೆಲ್ಲ ಅಚ್ಚುಕಟ್ಟಾಗಿ ಮುಗಿದಿದ್ದವು. ಮಾಲೀಕರ ಕಣ್ಣು ಸಾಮಾನ್ಯವಾಗಿ ಹೋಗದ ಜಾಗಗಳಿಗೆ ಮೆಕ್ಯಾನಿಕ್‌ನ ಕೈಯೂ ಹೋಗಿರಲಿಲ್ಲ.

ಇಂಥ ಪರಿಶೀಲನೆಯ ಮುಕ್ಕಾಲು ಪಾಲು ಕಾರನ್ನು ಬಿಡುವ ಮೊದಲೇ ನಡೆಯಬೇಕು. ಹಳೆಯ ಫಿಲ್ಟರ್‌ಗಳ ಅಂಚಿನಲ್ಲಿ ಪೇಂಟ್ ಪೆನ್ನಿನಿಂದ ಸಣ್ಣದೊಂದು ಗುರುತು ಹಾಕಿದ್ದೆ, ನಾಲ್ಕು ಟೈರ್‌ಗಳ ಬದಿಯಲ್ಲಿ ಅವು ಇದ್ದ ಜಾಗವನ್ನು ಸೂಚಿಸುವ ಒಂದೊಂದು ಅಕ್ಷರ ಬರೆದಿದ್ದೆ, ಬ್ರೇಕ್ ಆಯಿಲ್ ಡಬ್ಬಿಯ ಮತ್ತು ಕಿಲೋಮೀಟರ್ ಓದಿನ ಫೋಟೊ ತೆಗೆದಿದ್ದೆ. ಕಳಚಿದ ಹಳೆಯ ಬಿಡಿಭಾಗಗಳನ್ನು ಹಿಂದಿರುಗಿಸಬೇಕೆಂದು, ಮಾಡಬೇಕಾದ ಕೆಲಸಗಳನ್ನು ಸೆಂಟರಿನವರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿಯೇ ಬರೆಸಿದ್ದೆ. ಬಾಯಿಮಾತಿನಲ್ಲಿ ಹೇಳಿದರೆ ಅದು ಸರ್ವಿಸ್ ಅಡ್ವೈಸರ್ ಮೇಜಿನಿಂದಾಚೆ ಹೋಗುವುದೇ ಅಪರೂಪ.

ಎಂಜಿನ್ ಆಯಿಲ್ ವಿಷಯದಲ್ಲಿ ಈ ಸೆಂಟರಿಗೆ ಪೂರ್ಣ ಅಂಕ ಕೊಡಬಹುದು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಸಮಯ ಕೊಟ್ಟು ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದಾಗ, ಮಟ್ಟ ಮೇಲಿನ ಗುರುತಿಗಿಂತ ತುಸುವೇ ಕೆಳಗಿತ್ತು. ಜೇನುಬಣ್ಣದ ಆಯಿಲ್ ಎಷ್ಟು ತಿಳಿಯಾಗಿತ್ತೆಂದರೆ ಅದರ ಅಂಚನ್ನು ಗುರುತಿಸಲು ಡಿಪ್‌ಸ್ಟಿಕ್ಕನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕಾಯಿತು. ಬಣ್ಣದ ಈ ಪರೀಕ್ಷೆ ಪೆಟ್ರೋಲ್ ಎಂಜಿನ್ನಿಗೆ ಮಾತ್ರ ಹೊಂದುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಉಳಿದಿರುವ ಮಸಿ ಹೊಸ ಆಯಿಲನ್ನು ಸ್ವಲ್ಪ ಓಡಾಟದಲ್ಲಿಯೇ ಕಪ್ಪಾಗಿಸುವುದರಿಂದ, ಕಪ್ಪು ಬಣ್ಣವನ್ನಷ್ಟೇ ಮುಂದಿಟ್ಟುಕೊಂಡು ಮೆಕ್ಯಾನಿಕ್‌ನ ಮೇಲೆ ಹರಿಹಾಯುವ ಡೀಸೆಲ್ ಕಾರಿನ ಮಾಲೀಕರು ಅನ್ಯಾಯ ಮಾಡುತ್ತಿರುತ್ತಾರೆ. ಬಿಲ್ಲಿನಲ್ಲಿ ನಮೂದಿಸಿದ ಲೀಟರ್ ಲೆಕ್ಕವೂ ಕಾರಿನ ಮ್ಯಾನುಯಲ್‌ನಲ್ಲಿ ಫಿಲ್ಟರ್ ಬದಲಾವಣೆ ಸೇರಿಸಿ ಹೇಳಿದ ಪ್ರಮಾಣಕ್ಕೆ ತಾಳೆಯಾಯಿತು. ಮ್ಯಾನುಯಲ್‌ಗಿಂತ ಒಂದು ಲೀಟರ್ ಹೆಚ್ಚು ಬರೆದಿದ್ದರೆ ಆ ಒಂದು ಲೀಟರ್ ಎಲ್ಲಿಗೆ ಹೋಯಿತೆಂದು ಕೇಳಲೇಬೇಕು, ಏಕೆಂದರೆ ಅಷ್ಟನ್ನೂ ಎಂಜಿನ್ನಿಗೆ ಸುರಿದಿದ್ದರೆ ಅದು ಇನ್ನೊಂದು ಬಗೆಯ ತೊಂದರೆ. ಕೆಳಗೆ ಆಯಿಲ್ ಫಿಲ್ಟರ್ ಹೊಸದಾಗಿ ಹೊಳೆಯುತ್ತಿತ್ತು, ಡ್ರೈನ್ ಬೋಲ್ಟಿನ ವಾಷರ್ ಬದಲಾಗಿತ್ತು, ಎಲ್ಲಿಯೂ ಜಿನುಗಿದ ಗುರುತಿರಲಿಲ್ಲ. ಇಷ್ಟೆಲ್ಲ ನೋಡದೆ, ಡ್ಯಾಶ್‌ಬೋರ್ಡಿನ ಸರ್ವಿಸ್ ಸೂಚನೆ ಆರಿಹೋಗಿದೆ ಎಂಬುದನ್ನೋ ಗಾಜಿಗೆ ಅಂಟಿಸಿದ ಸ್ಟಿಕ್ಕರನ್ನೋ ಪುರಾವೆಯೆಂದು ನಂಬುವಂತಿಲ್ಲ. ಆ ಸೂಚನೆಯನ್ನು ಒಂದು ಹನಿ ಆಯಿಲ್ ಬದಲಿಸದೆಯೂ ರೀಸೆಟ್ ಮಾಡಬಹುದು.

ಏರ್ ಫಿಲ್ಟರ್ ಹೊಸದು. ಹಳೆಯದನ್ನು ಹೊಸದರ ಪೆಟ್ಟಿಗೆಯಲ್ಲಿಯೇ ಇಟ್ಟು ಕೊಟ್ಟಿದ್ದರು ಮತ್ತು ನನ್ನ ಗುರುತು ಅದರ ಮೇಲಿತ್ತು. ಹಳೆಯ ಭಾಗವೊಂದನ್ನು ಕೈಗೆ ಕೊಟ್ಟರೆ ಸಾಲದು, ಅದು ನಮ್ಮದೇ ಕಾರಿನದು ಎಂದು ತಿಳಿಯಬೇಕಲ್ಲ. ಗುರುತಿನ ಪ್ರಯೋಜನವೇ ಅದು.

ತೊಡಕು ಶುರುವಾದದ್ದು ಎ.ಸಿ. ಫಿಲ್ಟರಿನಲ್ಲಿ. ಹಳೆಯ ಭಾಗಗಳ ಚೀಲದಲ್ಲಿ ಅದು ಇರಲಿಲ್ಲ. ಕೇಳಿದಾಗ, ತುಂಬ ಕೊಳೆಯಾಗಿದ್ದರಿಂದ ಎಸೆದೆವು ಎಂಬ ಉತ್ತರ ಬಂತು. ಹೆಚ್ಚಿನ ಕಾರುಗಳಲ್ಲಿರುವಂತೆ ನನ್ನ ಕಾರಿನಲ್ಲಿಯೂ ಈ ಫಿಲ್ಟರ್ ಗ್ಲವ್ ಬಾಕ್ಸಿನ ಹಿಂದಿದೆ. ಗ್ಲವ್ ಬಾಕ್ಸನ್ನು ಎರಡೂ ಬದಿಯಿಂದ ಒತ್ತಿ ಕೆಳಗಿಳಿಸಿ, ಮುಚ್ಚಳ ತೆಗೆದು ಎಳೆದರೆ ಹೊರಬಂದದ್ದು ಅದೇ ಹಳೆಯ ಫಿಲ್ಟರ್. ಮಡಿಕೆಗಳ ಮೇಲಿನ ಧೂಳನ್ನು ಗಾಳಿ ಹೊಡೆದು ಕೊಡವಿದ್ದರು, ಆದರೆ ಮೂಲೆಯ ಮಡಿಕೆಯೊಳಗೆ ಒಣಗಿದ ಎಲೆಯ ಚೂರು ಸಿಕ್ಕಿಕೊಂಡೇ ಇತ್ತು, ಚೌಕಟ್ಟಿನ ಅಂಚಿನಲ್ಲಿ ನನ್ನ ಬಿಳಿ ಚುಕ್ಕಿಯೂ ಹಾಗೆಯೇ ಇತ್ತು. ಗಾಳಿ ಹೊಡೆದರೆ ದಪ್ಪ ಧೂಳು ಹೋಗುತ್ತದೆ, ನಾರುಗಳೊಳಗೆ ಸೇರಿದ ಸಣ್ಣ ಕಣಗಳು ಉಳಿಯುತ್ತವೆ, ಒತ್ತಡ ಹೆಚ್ಚಾದರೆ ಫಿಲ್ಟರ್ ಹರಿಯುವುದೂ ಉಂಟು. ಸ್ವಚ್ಛಗೊಳಿಸಿದ್ದೇವೆ ಎಂದು ಬಿಲ್ಲಿನಲ್ಲಿ ಬರೆದಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ. ಬರೆದದ್ದು ಹೊಸ ಫಿಲ್ಟರಿನ ಬೆಲೆ ಮತ್ತು ಅದನ್ನು ಹಾಕಿದ ಕೂಲಿ.

ಎರಡನೆಯದು ಬ್ರೇಕ್ ಆಯಿಲ್, ಇದನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನೀರು ಸೇರಿದಷ್ಟೂ ಅದರ ಕುದಿಯುವ ಉಷ್ಣಾಂಶ ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದ್ದರೆ, ತೇವ ಹೀರಿದ ಸ್ಥಿತಿಗೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ದ್ರವ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ, ಗುಳ್ಳೆಗಳು ಅದುಮಿಕೊಳ್ಳುವುದರಿಂದ ಪೆಡಲ್ ಒಳಗಿಳಿಯುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ.

ಬಾನೆಟ್ ಎತ್ತಿ ನೋಡಿದರೆ ಡಬ್ಬಿಯಲ್ಲಿ ತಿಳಿ ಹಳದಿಯ ಹೊಸ ದ್ರವ ಮೇಲಿನ ಗೆರೆಯವರೆಗೆ ತುಂಬಿತ್ತು, ಸರ್ವಿಸ್‌ಗೆ ಮೊದಲಿನ ಫೋಟೊದಲ್ಲಿ ಅದು ಕಂದು. ಹೆಚ್ಚಿನವರು ಇಲ್ಲಿಗೇ ತೃಪ್ತರಾಗುತ್ತಾರೆ. ಆದರೆ ಡಬ್ಬಿಯಲ್ಲಿದ್ದ ಹಳೆಯದನ್ನು ಸಿರಿಂಜಿನಿಂದ ಹೀರಿ ಹೊಸದನ್ನು ತುಂಬಿದರೂ ಡಬ್ಬಿ ಹೀಗೆಯೇ ಕಾಣುತ್ತದೆ. ಪೈಪುಗಳಲ್ಲಿ ಮತ್ತು ಚಕ್ರಗಳ ಬಳಿ, ಅಂದರೆ ಬಿಸಿಯಾಗುವ ಜಾಗದಲ್ಲಿ, ಹಳೆಯದೇ ಉಳಿದಿರುತ್ತದೆ. ನಿಜವಾಗಿ ಬದಲಿಸಬೇಕಾದರೆ ನಾಲ್ಕೂ ಚಕ್ರಗಳ ಬ್ಲೀಡರ್ ನಿಪ್ಪಲ್, ಅಂದರೆ ದ್ರವ ಹೊರಬಿಡುವ ಸಣ್ಣ ತಿರುಪು, ಬಿಚ್ಚಿ, ಹೊಸ ದ್ರವ ಬರುವವರೆಗೆ ಹಳೆಯದನ್ನು ಹೊರಹಾಕಬೇಕು. ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ಮುಂದಿನ ಚಕ್ರದ ಹಿಂದೆ ಟಾರ್ಚ್ ಬಿಟ್ಟಾಗ ನಿಪ್ಪಲ್ ಕಂಡಿತು. ಅದರ ರಬ್ಬರ್ ಟೊಪ್ಪಿಗೆಯ ಸುತ್ತ ಗಟ್ಟಿಯಾದ ಕೆಸರು ಒಂದಿಷ್ಟೂ ಬಿರುಕು ಬಿಡದೆ ಕೂತಿತ್ತು. ಟೊಪ್ಪಿಗೆ ತೆಗೆಯದೆ ಸ್ಪ್ಯಾನರ್ ಹಾಕಲು ಬರುವುದಿಲ್ಲ, ಕೆಸರು ಉದುರಿಸದೆ ಟೊಪ್ಪಿಗೆ ತೆಗೆಯಲು ಬರುವುದಿಲ್ಲ. ಇನ್ನೊಂದು ಬದಿಯಲ್ಲಿಯೂ ಸ್ಥಿತಿ ಇದೇ.

ಟೈರ್‌ಗಳು ಜಾಗ ಬದಲಿಸಿದ್ದನ್ನು ಅಕ್ಷರಗಳೇ ಹೇಳಿದವು. ಅಲೈನ್‌ಮೆಂಟಿಗೆ ಯಂತ್ರದ ಮುದ್ರಿತ ಹಾಳೆ ಕೊಟ್ಟಿದ್ದರು, ಅದರಲ್ಲಿ ಕಾರಿನ ನೋಂದಣಿ ಸಂಖ್ಯೆಯ ಜೊತೆಗೆ ಹೊಂದಿಸುವ ಮೊದಲಿನ ಮತ್ತು ನಂತರದ ಅಳತೆಗಳು ಬೇರೆ ಬೇರೆಯಾಗಿದ್ದವು. ನೇರ ರಸ್ತೆಯಲ್ಲಿ ಕಾರು ಈಗ ಯಾವ ಬದಿಗೂ ಎಳೆಯುವುದಿಲ್ಲ.

ಮ್ಯಾನೇಜರ್ ಅವರ ಬಳಿ ಫೋಟೊಗಳೊಡನೆ ಹೋದಾಗ ಅವರು ಮೊದಲು ತೋರಿಸಿದ್ದು ಕಂಪ್ಯೂಟರಿನ ದಾಖಲೆ: ನನ್ನ ಜಾಬ್ ಕಾರ್ಡಿನ ಹೆಸರಿನಲ್ಲಿ ಎ.ಸಿ. ಫಿಲ್ಟರ್ ಮತ್ತು ಬ್ರೇಕ್ ಆಯಿಲ್ ಎರಡೂ ಸ್ಟೋರಿನಿಂದ ಹೊರಗೆ ಹೋಗಿದ್ದವು. ದಾಖಲೆ ಸುಳ್ಳೆಂದು ನಾನು ಹೇಳಲಿಲ್ಲ. ಸಾಮಾನು ಸ್ಟೋರಿನಿಂದ ಹೊರಟಿತೆಂದು ಅದು ಹೇಳುತ್ತದೆ, ಕಾರಿಗೆ ತಲುಪಿತೆಂದು ಹೇಳುವುದಿಲ್ಲ. ನಡುವಿನ ಹಾದಿಯಲ್ಲಿ ಏನಾಯಿತೆಂಬುದು ಅವರ ಮನೆಯ ಲೆಕ್ಕ. ಅವರ ಪರವಾಗಿ ಹೇಳಬೇಕಾದದ್ದೆಂದರೆ, ಫೋಟೊ ನೋಡಿದ ಮೇಲೆ ವಾದ ಬೆಳೆಸಲಿಲ್ಲ. ಅಂದೇ ಕಾರನ್ನು ಲಿಫ್ಟಿಗೆ ಏರಿಸಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಾಲ್ಕೂ ನಿಪ್ಪಲ್‌ಗಳಿಂದ ಹಳೆಯ ದ್ರವವನ್ನು ಪಾರದರ್ಶಕ ಪೈಪಿನಲ್ಲಿ ಇಳಿಸಿದರು. ಕಂದು ದ್ರವದ ಹಿಂದೆ ತಿಳಿ ದ್ರವ ಬರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಎ.ಸಿ. ಫಿಲ್ಟರನ್ನೂ ಬದಲಿಸಿ, ಎರಡೂ ಕೆಲಸಗಳ ಕೂಲಿಯನ್ನು ಬಿಲ್ಲಿನಿಂದ ತೆಗೆದರು.

ಆದ್ದರಿಂದ ನನ್ನ ತೀರ್ಪು ಎರಡು ಭಾಗವಾಗುತ್ತದೆ. ಕೈಕೆಲಸದ ಗುಣಮಟ್ಟ ಒಳ್ಳೆಯದು: ಬೋಲ್ಟುಗಳ ಮೂಲೆ ಸವೆದಿಲ್ಲ, ಕ್ಲಿಪ್ಪುಗಳು ಮುರಿದಿಲ್ಲ, ಆಯಿಲ್ ಅಳತೆ ಸರಿಯಾಗಿದೆ. ಕೆಲಸ ಮುಗಿದ ಮೇಲೆ ಅದನ್ನು ಬೇರೊಬ್ಬರು ನೋಡಿ ಸಹಿ ಹಾಕುವ ವ್ಯವಸ್ಥೆ ಮಾತ್ರ ಹೆಸರಿಗಷ್ಟೇ ಇದೆ. ಜಾಬ್ ಕಾರ್ಡಿನ ಅಂತಿಮ ತಪಾಸಣೆಯ ಕಾಲಮ್ಮಿನಲ್ಲಿ ಎಲ್ಲ ಸಾಲುಗಳಿಗೂ ಒಂದೇ ಏಟಿಗೆ ಎಳೆದ ಟಿಕ್ ಗೆರೆ ಇತ್ತು. ಆ ಕಾಲಮ್ ಸುಧಾರಿಸುವವರೆಗೆ ಐದರಲ್ಲಿ ಮೂರಕ್ಕಿಂತ ಹೆಚ್ಚು ಕೊಡಲಾರೆ. ಮುಂದಿನ ಸರ್ವಿಸ್‌ನಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಕೂಲೆಂಟ್ ಬದಲಾವಣೆಯ ಸರದಿ ಇದೆ. ಇದೇ ಸೆಂಟರಿಗೆ ಹೋಗುತ್ತೇನೆ. ಹಳೆಯ ಪ್ಲಗ್‌ಗಳನ್ನು ಕೈಗೆ ಕೊಡಬೇಕು, ಕೂಲೆಂಟ್ ಇಳಿಸುವಾಗ ಕರೆಯಬೇಕು ಎಂಬ ಎರಡು ಸಾಲುಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಲು ಮ್ಯಾನೇಜರ್ ಈಗಾಗಲೇ ಒಪ್ಪಿದ್ದಾರೆ.